ಜಾಂಬ್ಲೆಯ ಬೆನ್ನ ಮೇಲಿನ ಚಿರತೆ

ಯಾಮುಸುಕ್ರೊದಿಂದ ಪಶ್ಚಿಮಕ್ಕೆ ಹೊರಟ ದಾರಿ ಬುವಾಫ್ಲೆಯಲ್ಲಿ ಮರಾಹುವೆ ನದಿಯನ್ನು ತಲುಪುತ್ತದೆ. ಅಲ್ಲಿಂದ ಉತ್ತರಕ್ಕೆ ಜುವೆನುಲಾದ ಕಡೆ ಸಾಗಿದರೆ ಕಾಡು ತೆಳುವಾಗುತ್ತ ಬಂದು ಹುಲ್ಲುಬಯಲಿಗೆ ಜಾಗ ಬಿಡುತ್ತದೆ. ಐವರಿ ಕೋಸ್ಟಿನ ಗುರೊ ಜನರ ನಾಡು ಇದು. ಇವರ ಜಾಂಬ್ಲೆ ಮುಖವಾಡಕ್ಕೆ ಹುಲ್ಲೆಯ ಕೊಂಬು, ಉದ್ದಕ್ಕೆ ಚಾಚಿದ ಮೂತಿ, ಹಲ್ಲು ತೋರುವ ದವಡೆ. ಆ ದವಡೆ ಚಿರತೆಯದು ಎನ್ನುವವರಿದ್ದಾರೆ, ಮೊಸಳೆಯದು ಎನ್ನುವವರೂ ಇದ್ದಾರೆ. ಹುಲ್ಲೆ ಎಂದರೆ ಚೆಲುವು, ಚಿರತೆ ಎಂದರೆ ಬಲ ಎಂದು ಒಂದೊಂದು ಪ್ರಾಣಿಗೂ ಒಂದೊಂದು ಅರ್ಥ ಹಚ್ಚುವುದು ಸುಲಭ. ಆದರೆ ಈ ನಾಡಿನಲ್ಲಿ ಸುತ್ತುವಾಗ ನನಗೆ ಅನಿಸಿದ್ದು, ಇಲ್ಲಿ ಅರ್ಥ ಹುಟ್ಟುವುದು ಬಿಡಿ ಪ್ರಾಣಿಗಳಿಂದಲ್ಲ, ಮುಖವಾಡಗಳ ನಂಟಸ್ತಿಕೆಯಿಂದ. ಜಾಂಬ್ಲೆ ಒಂಟಿಯಲ್ಲ. ಅವನ ಹೆಂಡತಿ ಗು, ಅಪ್ಪಟ ಮನುಷ್ಯಮುಖದ ಸುಂದರಿ, ನಿಧಾನ ನಡೆಯವಳು. ಜೊತೆಗೆ ಜೌಲಿ ಎಂಬ ಒರಟ, ಉಬ್ಬಿದ ಮುಖದ ವಿಕಾರರೂಪಿ.

ಪ್ರಾಣಿಮುಖ ಕಾಡನ್ನೂ ಮನುಷ್ಯಮುಖ ಊರನ್ನೂ ಪ್ರತಿನಿಧಿಸುತ್ತದೆ ಎಂಬ ವಾದವೊಂದಿದೆ. ತಳ್ಳಿಹಾಕುವಂಥದ್ದಲ್ಲ, ಕಾಡಿನಂಚಿನ ಬೇಟೆಗಾರರ ನಾಡಿನಲ್ಲಿ ಆ ಗೆರೆ ಇದ್ದೇ ಇರುತ್ತದೆ. ಆದರೆ ಕಾಡೆಂದರೆ ವಿಕಾರ, ಊರೆಂದರೆ ಚೆಲುವು ಎಂದು ಅದನ್ನೇ ಪೂರ್ತಿ ನಂಬಿದರೆ ಜಾಂಬ್ಲೆ ವಿಕಾರವಾಗಿರಬೇಕಿತ್ತು. ಅವನೋ ಕೊಂಬು ಹೊತ್ತೂ ಚೆಲುವ, ಚುರುಕು ಹೆಜ್ಜೆಯ ನಿಪುಣ. ಸುಂದರಿ ಗು ಮನೆ ತುಂಬಿರುವುದು ಪ್ರಾಣಿಮುಖದವನದೇ. ಅಂದರೆ ಚೆಲುವು–ವಿಕಾರಗಳ ಗೆರೆ ಮನುಷ್ಯ–ಪ್ರಾಣಿಗಳ ನಡುವೆ ಹಾದುಹೋಗುವುದೇ ಇಲ್ಲ, ಜಾಂಬ್ಲೆ ಮತ್ತು ಜೌಲಿಯರ ನಡುವೆ ಹಾದುಹೋಗುತ್ತದೆ.

ಇದೆಲ್ಲ ಬರೀ ಕುಣಿತದ ಅಲಂಕಾರ, ಪ್ರಾಣಿಗಳಿಗೆ ಇಷ್ಟೊಂದು ಅರ್ಥ ಹೊರಿಸಬೇಡಿ ಎನ್ನುವವರು 2017ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಜಾವುಲಿ ನೃತ್ಯವನ್ನು ತೋರಿಸುತ್ತಾರೆ. (ಹೆಸರು ಹತ್ತಿರವಾದರೂ ಹಳೆಯ ಜೌಲಿಯೇ ಬೇರೆ.) ಹೆಣ್ಣಿನ ಚೆಲುವಿಗೆ ಕೈಮುಗಿಯುವ ಆ ಜನಪ್ರಿಯ ಕುಣಿತದಲ್ಲಿ ಹಾವು, ಹಕ್ಕಿಗಳು ಮುಖದ ನೆತ್ತಿಗೇರಿ ಕೂತಿರುತ್ತವೆ. ಅಲ್ಲಿ ಅವು ಬಹುಮಟ್ಟಿಗೆ ಅಲಂಕಾರ ಎಂದು ಒಪ್ಪೋಣ. ಆದರೆ ಮನೆತನಗಳು ಬಲಿ ಕೊಟ್ಟು ಕಾಪಾಡಿಕೊಂಡು ಬಂದ ಜಾಂಬ್ಲೆಗೆ ಆ ಮಾತನ್ನು ಅನ್ವಯಿಸಲಾಗದು. ಅಲ್ಲಿ ಪ್ರಾಣಿಗಳು ನೆತ್ತಿಯ ಮೇಲಿಲ್ಲ, ಮುಖವೇ ಆಗಿವೆ.

1985ರಲ್ಲಿ ಜ್ಯೂರಿಕ್‌ನ ರೀಟ್‌ಬರ್ಗ್ ಮ್ಯೂಸಿಯಂ ಮೂಲಕ ಎಬರ್‌ಹಾರ್ಡ್ ಫಿಷರ್ ಮತ್ತು ಲೊರೆಂಜ್ ಹೊಂಬರ್ಗರ್ ಗುರೊ ಕಲೆಯ ಬಗ್ಗೆ ದೊಡ್ಡ ಗ್ರಂಥ ತಂದರು. ಆದರೂ ಯುರೋಪಿನ ಗಾಜಿನ ಪೆಟ್ಟಿಗೆಗಳಲ್ಲಿ ಜಾಂಬ್ಲೆ ಹೆಚ್ಚಾಗಿ ಬರೀ ಮರದ ಮುಖವಾಗಿಯೇ ಉಳಿದಿದ್ದಾನೆ. ಕುಣಿಯುವಾಗ ಬೆನ್ನ ಮೇಲೆ ಹೊದೆಯುವ ಚಿರತೆಯ ತೊಗಲಿಲ್ಲ, ರಾಫಿಯಾ ನಾರಿನ ಲಂಗವಿಲ್ಲ. ದವಡೆ ಯಾರದೆಂಬ ಜಗಳ ಅಲ್ಲಿ ಮುಗಿಯದಿರುವುದಕ್ಕೆ ಅದೂ ಒಂದು ಕಾರಣ.