ಏಪ್ರಿಲ್ ತಿಂಗಳ ಹಕ್ಕಿಪಟ್ಟಿ

ಗಣಿ, ಅಣೆಕಟ್ಟು, ಕಾರ್ಖಾನೆಗಳಂಥ ಯೋಜನೆಗಳಿಗೆ ಅನುಮತಿ ಕೊಡುವ ಮುನ್ನ ಅಲ್ಲಿಯ ಹಕ್ಕಿಗಳನ್ನು ಎಣಿಸಬೇಕಾಗುತ್ತದೆ ಎಂಬ ಸಂಗತಿ ನನ್ನ ಓದುಗರಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ನನಗೂ ಅದು ತಿಳಿದದ್ದು ನಿವೃತ್ತಿಯ ನಂತರ, ನನ್ನ ವಿದ್ಯಾರ್ಥಿಯೊಬ್ಬನಿಂದ. ಎಂಟನೆಯ ತರಗತಿಯಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತು ನನ್ನಿಂದ ಬೈಸಿಕೊಳ್ಳುತ್ತಿದ್ದ ಹುಡುಗ ಆತ. ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಈಗ ಪರಿಸರ ಪರಿಣಾಮ ವರದಿಗಳನ್ನು ಸಿದ್ಧಪಡಿಸುವ ಖಾಸಗಿ ಸಂಸ್ಥೆಯೊಂದರಲ್ಲಿದ್ದಾನೆ. ಕಿಟಕಿಯಾಚೆ ನೋಡುವುದಕ್ಕೇ ಅವನಿಗೀಗ ಸಂಬಳ.

ಕೇಂದ್ರ ಸರ್ಕಾರವು 1994ರಲ್ಲಿ ಮೊದಲು ಹೊರಡಿಸಿ, 2006ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ರೂಪಿಸಿದ ಅಧಿಸೂಚನೆಯೊಂದು ಈ ವರದಿಗಳಿಗೆ ಆಧಾರ. ಯೋಜನೆಯ ಸುತ್ತ ಸಾಮಾನ್ಯವಾಗಿ ಹತ್ತು ಕಿಲೋಮೀಟರ್ ವರ್ತುಲದಲ್ಲಿ ನೀರು, ಗಾಳಿ, ಸದ್ದು, ಸಸ್ಯ, ಪ್ರಾಣಿ ಇವೆಲ್ಲವುಗಳ ಸ್ಥಿತಿಯನ್ನು ದಾಖಲಿಸಬೇಕು. ಬಹಳಷ್ಟು ಯೋಜನೆಗಳಿಗೆ ಮಳೆಗಾಲವನ್ನು ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ, ಮಾಹಿತಿ ಸಾಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಜೀವಿ ಕಂಡುಬಂದರೆ ಅದರ ರಕ್ಷಣೆಗೆ ಪ್ರತ್ಯೇಕ ಯೋಜನೆಯನ್ನೂ ಲಗತ್ತಿಸಬೇಕು. ನವಿಲು ಆ ಅನುಸೂಚಿಯಲ್ಲಿದೆ; ನಮ್ಮ ಸೀಮೆಯಲ್ಲಿ ನವಿಲಿಲ್ಲದ ಹೊಲವಿಲ್ಲ. ಹೀಗಾಗಿ ನವಿಲಿಗಾಗಿ ಗಿಡ ನೆಡುವ ಪುಟವೊಂದು ಎಲ್ಲ ವರದಿಗಳಲ್ಲಿಯೂ ಅಚ್ಚೊತ್ತಿದಂತೆ ಇರುತ್ತದೆಯೆಂದು ಆತ ನಗುತ್ತ ಹೇಳಿದ.

ನಮ್ಮ ಗದಗ ಜಿಲ್ಲೆಯಲ್ಲಿಯೇ ಗಣಿ ಯೋಜನೆಯೊಂದರ ಕೆಲಸಕ್ಕೆ ಬಂದಾಗ ಆತ ನನ್ನನ್ನೂ ಕರೆದುಕೊಂಡು ಹೋದ. ಏಪ್ರಿಲ್ ತಿಂಗಳು. ಸೂರ್ಯೋದಯಕ್ಕೆ ಮುಂಚೆಯೇ ಗುಡ್ಡದ ಬುಡದಲ್ಲಿದ್ದೆವು. ಅವನ ಕ್ರಮ ಬಲು ಅಚ್ಚುಕಟ್ಟು. ನಕ್ಷೆಯಲ್ಲಿ ಮೊದಲೇ ಗುರುತಿಸಿಕೊಂಡ ಒಂದೊಂದು ಬಿಂದುವಿನಲ್ಲಿ ಹತ್ತು ನಿಮಿಷ ಅಲುಗಾಡದೆ ನಿಲ್ಲುತ್ತಿದ್ದ. ಕಂಡದ್ದು, ಕೇಳಿದ್ದು, ಎಷ್ಟು ದೂರ, ಯಾವ ದಿಕ್ಕು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಬಿಂದುಗಳ ನಡುವಿನ ದಾರಿಯಲ್ಲಿ ನೇರ ಗೆರೆ ಹಿಡಿದು ನಡೆಯುತ್ತ ಇಬ್ಬದಿಯ ಹಕ್ಕಿಗಳನ್ನು ಎಣಿಸುತ್ತಿದ್ದ. ನನಗೆ ಟಿಟ್ಟಿಭದ ಕೂಗು, ಕಾಜಾಣ, ನೀಲಕಂಠ ಇಷ್ಟು ಗೊತ್ತು. ಆತ ಹುಲ್ಲಿನೊಳಗಿನ ಒಂದು ಸಣ್ಣ ಸದ್ದಿಗೆ ನಿಂತು ಹೆಸರು ಹೇಳುತ್ತಿದ್ದ. ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರಿ ಹಕ್ಕಿಗಳು ಮೌನವಾದವು; ಪುಸ್ತಕ ಮುಚ್ಚಿದ. ಎರಡು ದಿನ ಹೀಗೆಯೇ ನಡೆಯಿತು. ಪಟ್ಟಿ ಸಿದ್ಧವಾಯಿತು, ಸುಳ್ಳು ಒಂದಕ್ಷರವೂ ಇರಲಿಲ್ಲ.

ಆದರೆ ಅಲ್ಲಿಂದ ತುಸು ದೂರದಲ್ಲಿ ಒಂದು ಕೆರೆಯಿದೆ. ಏಪ್ರಿಲ್‌ನಲ್ಲಿ ಅದರ ತಳ ಬಿರುಕು ಬಿಟ್ಟಿರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಡಿಸೆಂಬರ್‌ನಲ್ಲಿ ಅಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳು ಇಳಿಯುವುದನ್ನು ಊರಿನ ಕುರಿಗಾಹಿ ಹುಡುಗರೂ ಬಲ್ಲರು. ಮಾಗಡಿ ಕೆರೆಯನ್ನು ನೀವೆಲ್ಲ ಕಂಡವರೇ; ಶಿರಹಟ್ಟಿ ತಾಲ್ಲೂಕಿನ ಆ ಕೆರೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಟಿಬೆಟ್, ಮಂಗೋಲಿಯಾಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ನವೆಂಬರ್‌ನಿಂದ ಚಳಿಗಾಲ ಮುಗಿಯುವವರೆಗೆ ಇರುತ್ತವೆ. ಹಗಲಿನ ಹೆಚ್ಚಿನ ಹೊತ್ತು ನೀರಿನಲ್ಲಿ ವಿರಮಿಸಿ, ಮುಸ್ಸಂಜೆಗೆ ಹಿಂಡುಹಿಂಡಾಗಿ ಎದ್ದು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಗಿಡುಗಗಳೂ ಚಳಿಗಾಲದಲ್ಲಿ ಬರುತ್ತವೆ. ಹ್ಯಾರಿಯರ್ ಎಂಬ ಈ ಸಪೂರ ಗಿಡುಗ ಹಗಲೆಲ್ಲ ಬಯಲಿನ ಮೇಲೆ ತೇಲಾಡಿ, ರಾತ್ರಿ ಹುಲ್ಲಿನ ನೆಲದ ಮೇಲೆಯೇ ಗುಂಪಾಗಿ ಮಲಗುತ್ತದೆ. ಅದು ಮಲಗುವ ಹುಲ್ಲುಗಾವಲು ನಮ್ಮ ಕಂದಾಯ ದಾಖಲೆಯಲ್ಲಿ ಬರಿಯ ಪಾಳುಭೂಮಿ. ಏಪ್ರಿಲ್‌ನ ಮುಂಜಾನೆ ಆರರಿಂದ ಹತ್ತರವರೆಗೆ ನಿಂತವನಿಗೆ ಇವಾವುವೂ ಕಾಣುವುದಿಲ್ಲ.

ಬೇಸಿಗೆ ರಜೆಯಲ್ಲಿ ಇನ್‌ಸ್ಪೆಕ್ಟರೊಬ್ಬರು ಶಾಲೆಗೆ ಬಂದು, ಹಾಜರಿ ಕರೆದು, ಈ ಊರಿನಲ್ಲಿ ಮಕ್ಕಳೇ ಇಲ್ಲವೆಂದು ಬರೆದುಕೊಂಡು ಹೋದರೆ ಹೇಗೋ ಹಾಗೆ ಎಂದೆ.

“ಸರ್, ನಾ ಕಂಡದ್ದನ್ನ ಬರದೇನಿ. ಕಾಣಲಾರದ್ದನ್ನ ಹೆಂಗ ಬರೀಲ್ರಿ?” ಎಂದ. ನಂತರ ಸ್ವಲ್ಪ ಸುಮ್ಮನಿದ್ದು, “ಡಿಸೆಂಬರಿನ್ಯಾಗ ಮತ್ತ ಬರಾಕ ರೊಕ್ಕಾ ಕೊಡಾವ್ರು ಯಾರ್ರಿ?” ಎಂದ.

ಮಾತಿನ ಮರ್ಮ ಇಲ್ಲಿದೆ. ವರದಿ ಬರೆಯುವ ಸಂಸ್ಥೆಗೆ ಹಣ ಕೊಡುವವರು ಯೋಜನೆಯ ಮಾಲೀಕರೇ. ಪರೀಕ್ಷೆ ಬರೆಯುವವನೇ ಮೌಲ್ಯಮಾಪಕರ ಸಂಬಳವನ್ನೂ ಕೊಟ್ಟಂತೆ. ಹೊಲಕ್ಕೆ ಹೋಗದೆಯೇ ವರದಿ ಬರೆದವರೂ ಇದ್ದಾರೆ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ವರದಿಯಲ್ಲಿ, ಅಲ್ಲಿಯ ಹಕ್ಕಿಗಳಿಗೆ ಸ್ಪ್ರೂಸ್ ಮತ್ತು ಬರ್ಚ್ ಮರಗಳ ಕಾಡೇ ಮುಖ್ಯ ನೆಲೆಯೆಂದು ಬರೆದಿತ್ತು. ಕೊಂಕಣದ ಕರಾವಳಿಯಲ್ಲಿ ಹಿಮಸೀಮೆಯ ಮರಗಳು! ರಷ್ಯಾದ ಗಣಿಯೊಂದರ ವರದಿಯನ್ನು ಎತ್ತಿ ಬರೆದದ್ದು ಹೀಗೆ ಬಯಲಾಯಿತು. ನಕಲು ಮಾಡುವ ಹುಡುಗ ಪಕ್ಕದವನ ಹೆಸರನ್ನೂ ನಕಲು ಮಾಡಿ ಸಿಕ್ಕಿಬೀಳುವುದನ್ನು ನಾನು ಕೊಠಡಿ ಮೇಲ್ವಿಚಾರಕನಾಗಿ ಕಂಡವನು. ಆದರೆ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಇಂಥ ನಕಲಲ್ಲ, ಅದು ಎಂದಾದರೂ ಸಿಕ್ಕಿಬೀಳುತ್ತದೆ. ಪ್ರಾಮಾಣಿಕನೊಬ್ಬ ತಪ್ಪು ತಿಂಗಳಲ್ಲಿ ಬರೆದ ನಿಜವಾದ ಪಟ್ಟಿಯನ್ನು ಯಾರು ಹಿಡಿಯುತ್ತಾರೆ?

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಇಪ್ಪತ್ತು ಸಾವಿರ ಚದರ ಮೀಟರಿನ ಕಟ್ಟಡಕ್ಕೆ 2006ರ ಅಧಿಸೂಚನೆಯಂತೆ ಅನುಮತಿ ಬೇಕು. ಆದರೆ ನಮ್ಮ ಗುಡ್ಡಗಳ ಮೇಲೆ ಸಾಲುಸಾಲಾಗಿ ನಿಂತಿರುವ ಗಾಳಿಯಂತ್ರಗಳು ಆ ಅಧಿಸೂಚನೆಯ ಪಟ್ಟಿಯಲ್ಲಿಯೇ ಇಲ್ಲ. ಅರಣ್ಯಭೂಮಿ ಬೇಕಾದಾಗಲೋ, ಸಾಲ ಕೊಡುವ ವಿದೇಶಿ ಸಂಸ್ಥೆ ಕೇಳಿದಾಗಲೋ ಮಾತ್ರ ಅವಕ್ಕೆ ಹಕ್ಕಿ ಸಮೀಕ್ಷೆಯ ಯೋಗ. ಸ್ಕಾಟ್ಲೆಂಡಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಮೊದಲು ಒಂದೊಂದು ವೀಕ್ಷಣಾ ಸ್ಥಳದಿಂದ ಪ್ರತಿ ಋತುವಿನಲ್ಲಿ ಕನಿಷ್ಠ 36 ಗಂಟೆ ಆಕಾಶ ನೋಡಬೇಕೆಂಬ ಮಾರ್ಗಸೂಚಿಯಿದೆ. ಹಕ್ಕಿ ಎಷ್ಟು ಎತ್ತರದಲ್ಲಿ, ಎಷ್ಟು ಹೊತ್ತು ಹಾರಿತೆಂಬುದನ್ನೂ ಬರೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನನ್ನ ಶಿಷ್ಯನೇ ನನಗೆ ವಿವರಿಸಿದ. ಯಂತ್ರಗಳಿರುವಲ್ಲಿ ಬೇಟೆ ಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವುಗಳ ಭಯವಿಲ್ಲದ್ದರಿಂದ ಬೀಸಣಿಗೆಯಂಥ ಗಂಟಲಿನ ಒಂದು ಜಾತಿಯ ಓತಿಕ್ಯಾತ ಅಲ್ಲಿ ಹೆಚ್ಚಾಗಿತ್ತು. ಇದು ತಿಳಿದದ್ದು ಯಂತ್ರಗಳು ನಿಂತ ಎಷ್ಟೋ ವರ್ಷಗಳ ನಂತರ.

ನಮ್ಮ ಗಣಿಯ ಸಾರ್ವಜನಿಕ ವಿಚಾರಣೆಗೆ ನಾನು ಹೋದೆ. ಇಂಥ ಸಭೆಗೆ ಮೂವತ್ತು ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಸಾರಾಂಶವನ್ನು ಕನ್ನಡದಲ್ಲಿ ಕೊಡಬೇಕು, ಕೊಟ್ಟಿದ್ದರು. ಹಕ್ಕಿಪಟ್ಟಿ ಮಾತ್ರ ಇಂಗ್ಲಿಷ್ ವರದಿಯ ಅನುಬಂಧದಲ್ಲಿತ್ತು, ಅದನ್ನು ನೋಡಲು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕಾಯಿತು. ಸಮೀಕ್ಷೆ ಏಪ್ರಿಲ್‌ನಲ್ಲಿ ನಡೆದಿದೆ, ಚಳಿಗಾಲದ ವಲಸೆ ಹಕ್ಕಿಗಳು ಇದರಲ್ಲಿ ಸೇರಿಲ್ಲ ಎಂದು ನನ್ನ ಶಿಷ್ಯ ಬರೆದಿದ್ದ ಎರಡು ಸಾಲುಗಳು ಅಲ್ಲಿರಲಿಲ್ಲ. ಆತ ಕೆಲಸ ಕಳೆದುಕೊಳ್ಳಬಾರದೆಂದು ಅವನ ಹೆಸರೆತ್ತದೆ, ಡಿಸೆಂಬರ್‌ನಲ್ಲಿ ಒಂದು ವಾರ ಮತ್ತೊಮ್ಮೆ ಎಣಿಸಿರಿ ಎಂದಷ್ಟೇ ಕೇಳಿದೆ.

ಹಿಂದಿನ ಸಾಲಿನಿಂದ ಒಬ್ಬ ಎದ್ದು, “ಹಕ್ಕಿ ಎಣಿಸಿದ್ರ ನಮ್ಮ ಹುಡುಗರಿಗೆ ಕೆಲಸ ಸಿಗತೈತೇನ್ರಿ ಸರ್?” ಎಂದ. ಆತನೂ ನನ್ನ ವಿದ್ಯಾರ್ಥಿಯೇ. ಎರಡು ವರ್ಷ ಮಳೆಯಿಲ್ಲದೆ ಒಣಗಿದ ಹೊಲದವನು. ಅವನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಸಿಗುವುದಿಲ್ಲಪ್ಪಾ, ಆದರೆ ಎಣಿಸಿದ ಮಾತ್ರಕ್ಕೆ ತಪ್ಪಿಹೋಗುವುದೂ ಇಲ್ಲ ಎಂದೆ. ಅವನಿಗೆ ಸಮಾಧಾನವಾದಂತೆ ತೋರಲಿಲ್ಲ. ಸಭೆಯ ನಡಾವಳಿಯಲ್ಲಿ ನನ್ನ ಮಾತು, ನಿವೃತ್ತ ಶಿಕ್ಷಕರು ಪಕ್ಷಿಗಳ ಬಗ್ಗೆ ಕಾಳಜಿ ವ್ಯಕ್ತಪಡಿಸಿದರು ಎಂಬ ಒಂದು ವಾಕ್ಯವಾಗಿ ದಾಖಲಾಗಿದೆ. ಡಿಸೆಂಬರಿನ ಸುದ್ದಿ ಅದರಲ್ಲಿಲ್ಲ. ಅನುಮತಿಯ ನಿರ್ಧಾರ ಇನ್ನೂ ಹೊರಬಿದ್ದಿಲ್ಲ.

ಈ ಚಳಿಗಾಲ ಕೆರೆಯ ಪಕ್ಕದ ಊರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಹದಿನೈದು ದಿನ ಇರಬೇಕೆಂದಿದ್ದೇನೆ. ಶಿಷ್ಯ ತನ್ನ ಹಳೆಯ ದುರ್ಬೀನು ಕೊಟ್ಟಿದ್ದಾನೆ. ಆ ಕಡೆಯ ಊರುಗಳಲ್ಲಿರುವ ನೀವು, ಹೊಲದಿಂದ ಮರಳುವಾಗ ಹೆಬ್ಬಾತುಗಳ ಸಾಲು ಕಂಡರೆ ದಿನಾಂಕ, ಗಂಟೆ, ಎಷ್ಟು ಹಕ್ಕಿ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಎಂಬಿಷ್ಟನ್ನು ಬರೆದು ಕಳುಹಿಸಿ. ಕಾಣದ ದಿನ ಕಾಣಲಿಲ್ಲವೆಂದೂ ಬರೆಯಿರಿ.