ಸಿರುಗುಪ್ಪದ ಕರೆಯದ ಅತಿಥಿ

ಬಳ್ಳಾರಿಯ ಬಂಡೆಗುಡ್ಡವನ್ನೂ ಅದರ ಮೇಲಣ ಕೋಟೆಯನ್ನೂ ಹಿಂದೆ ಬಿಟ್ಟು ಕುರುಗೋಡಿನ ದಾರಿ ಹಿಡಿದಾಗ ಮಧ್ಯಾಹ್ನ ಕಳೆದಿತ್ತು. ಇಕ್ಕೆಲದಲ್ಲೂ ಎರೆಹೊಲ; ಹತ್ತಿ, ಮೆಣಸಿನಕಾಯಿ. ಸಿಂದರು ಆಳಿದ ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ಬೃಹನ್ಮೂರ್ತಿಗೆ ಕೈಮುಗಿದು ಸಿರುಗುಪ್ಪದತ್ತ ಸಾಗಿದೆವು. ಊರು ಸಮೀಪಿಸಿದಂತೆ ನೋಟವೇ ಬದಲಾಯಿತು. ಕಣ್ಣು ಹರಿದಷ್ಟು ದೂರವೂ ಭತ್ತದ ಗದ್ದೆ.

ತುಂಗಭದ್ರೆಯ ದಂಡೆಯಲ್ಲಿ ವಿಜಯನಗರದ ಕಾಲದ ಕಾಲುವೆಗಳು ಹಿಂದೆಯೂ ಭತ್ತಕ್ಕೆ ನೀರುಣಿಸುತ್ತಿದ್ದುವು. 1953ರಲ್ಲಿ ಹೊಸ ಜಲಾಶಯದ ನೀರು ಹರಿಯತೊಡಗಿದ ಮೇಲೆ, ಜೋಳ ಹತ್ತಿಗಳ ಎರೆಭೂಮಿಯೂ ಗದ್ದೆಯಾಯಿತು. ನೀರಿನ ಹಿಂದೆ ಭತ್ತ ಹರಡಿತು. ಭತ್ತದ ಹಿಂದೆ ಪುಟ್ಟ ಪತಂಗವೊಂದು ಹರಡಿತು.

ತೆನೆ ಹೊರಡುವ ಕಾಲವದು. ಆತಿಥ್ಯವಿತ್ತ ಯಜಮಾನರು ನಮ್ಮನ್ನು ಬದುವಿನ ಮೇಲೆ ನಿಲ್ಲಿಸಿದರು. ಹಸಿರಿನ ನಡುವೆ ಅಲ್ಲಲ್ಲಿ ಬೆಳ್ಳನೆಯ ತೆನೆಗಳು ನೆಟ್ಟಗೆ ನಿಂತಿದ್ದುವು. ಚೆಲುವಾಗಿವೆಯೆಂದು ನಾನು ನುಡಿದೆ. ಅವರು ಒಂದನ್ನು ಹಿಡಿದೆಳೆದರು. ಅದು ಸಲೀಸಾಗಿ ಕೈಗೆ ಬಂದಿತು. ಒಂದು ಕಾಳಿನಲ್ಲೂ ಹಾಲಿರಲಿಲ್ಲ.

“ಔಷಧಿ ಹೊಡೆಯಬಾರದೇ?” ಎಂದೆ.

“ಬೆಳ್ಳಗಾದ ಮ್ಯಾಲೆ ಎಣ್ಣಿ ಹೊಡದ್ರ ಏನು ಬಂತ್ರೀ ಸಾಮಿ? ಹುಳ ಒಳಗ ಐತಿ. ಈ ತೆನಿ ಹೋದಂಗ.”

ಇರುಳು ಅವರ ಪಡಸಾಲೆಯ ದೀಪಕ್ಕೆ ಅಪರಾಧಿಯೇ ಬಂದಿತು. ಅರ್ಧ ಅಂಗುಲದಷ್ಟು ಮೈ. ಒಣಹುಲ್ಲಿನ ಹಳದಿ ರೆಕ್ಕೆ. ಮುಂದಿನ ಒಂದೊಂದು ರೆಕ್ಕೆಯ ಮೇಲೂ ಕಾಡಿಗೆಯಿಂದಿಟ್ಟಂತೆ ಒಂದೇ ಕಪ್ಪು ಬೊಟ್ಟು. ಇದು ಹೆಣ್ಣು. ಗಂಡು ಇನ್ನೂ ಚಿಕ್ಕದು, ಮಾಸಲು ಕಂದು. ಪ್ರಾಣಿಶಾಸ್ತ್ರಜ್ಞರು ಇದನ್ನು ಸ್ಕಿರ್ಪೋಫೇಗ ಇನ್ಸರ್ಟುಲಾಸ್ ಎನ್ನುತ್ತಾರೆ; ರೈತರಿಗೆ ಇದು ಕಾಂಡಕೊರಕ.

ಪತಂಗದ ಬಾಳು ಕೆಲವೇ ದಿನಗಳದು. ಅಷ್ಟರಲ್ಲಿ ತಾಯಿ ಎಲೆಯ ತುದಿಯ ಬಳಿ ಮೊಟ್ಟೆಗಳನ್ನು ಗುಂಪಾಗಿಟ್ಟು, ತನ್ನ ಹಿಂಬದಿಯ ರೋಮಗಳಿಂದಲೇ ಅವಕ್ಕೆ ಹೊದಿಕೆ ಹೊದಿಸುತ್ತದೆ. ವಾರದೊಳಗೆ ಮರಿಗಳು ಹೊರಬಿದ್ದು, ನೂಲಿನೆಳೆಗೆ ಜೋತು ಗಾಳಿಯಲ್ಲಿ ತೇಲಿ ಬೇರೆ ಬೇರೆ ಗಿಡ ಸೇರುತ್ತವೆ. ಸಾಮಾನ್ಯವಾಗಿ ಒಂದು ಕಾಂಡಕ್ಕೆ ಒಂದೇ ಹುಳು. ಎಳೆಯ ಪೈರಾದರೆ ಸುಳಿ ಒಣಗುತ್ತದೆ. ಆಗ ಗಿಡ ಹೊಸ ಮರಿ ಹೊಡೆದು ಚೇತರಿಸಿಕೊಂಡೀತು. ತೆನೆಯ ಹೊತ್ತಿನಲ್ಲಿ ಕೊರೆದರೆ ಬಿಳಿತೆನೆಯೇ ಗತಿ. ಬೆಳೆದ ಹುಳು, ಹೊರಬರುವ ಕಿಂಡಿಯನ್ನು ಮೊದಲೇ ಕೊರೆದಿಟ್ಟು, ಕಾಂಡದ ಬುಡದಲ್ಲಿ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗೆ ಸುಮಾರು ಒಂದೂವರೆ ಎರಡು ತಿಂಗಳು. ಕೊಯ್ಲಾದ ಮೇಲೂ ಕೂಳೆಯಲ್ಲಿ ಅಡಗಿ ಮುಂದಿನ ಬೆಳೆಗಾಗಿ ಕಾಯುತ್ತದೆ.

ಹುಳು ಒಳಹೊಕ್ಕ ಮೇಲೆ ಅದನ್ನು ತಲಪುವುದು ಕಷ್ಟ, ಹೊರಗಿರುವಾಗಲೇ ಹಿಡಿಯಬೇಕು. ನಾಟಿಗೆ ಮುನ್ನ ಸಸಿಯ ತುದಿ ಕತ್ತರಿಸಿದರೆ ಮೊಟ್ಟೆಯ ಗುಂಪುಗಳೂ ಹೋಗುತ್ತವೆ. ಕೊಯ್ಲಾದೊಡನೆ ಕೂಳೆಯನ್ನು ಉತ್ತು ನೀರು ನಿಲ್ಲಿಸಿದರೆ ಅಡಗಿದವೂ ಅಳಿಯುತ್ತವೆ. ಟ್ರೈಕೋಗ್ರಾಮ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಈ ಮೊಟ್ಟೆಗಳೊಳಗೆ ತನ್ನ ಮೊಟ್ಟೆಯಿಟ್ಟು ರೈತನಿಗೆ ನೆರವಾಗುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಸುರಿದ ವಿಷ ಇಂಥ ಮಿತ್ರರನ್ನೇ ಮೊದಲು ಕೊಲ್ಲುತ್ತದೆ.

ಬೆಳಗ್ಗೆ ಹೊರಟು ನಿಂತಾಗ ಯಜಮಾನರು ಆಳಿಗೆ ಹೇಳುತ್ತಿದ್ದರು: “ನೆಲ್ಲು ಕೊಯ್ದ ಮರುದಿನವೇ ಕೂಳಿ ಹೊಡಿಸಬೇಕಪ್ಪಾ. ಈ ಸಲ ತಡ ಮಾಡಬ್ಯಾಡ.” ಅವರ ಹಿಂದೆ, ಆರಿದ ದೀಪದ ಕೆಳಗೆ, ನಾಲ್ಕಾರು ಹಳದಿ ರೆಕ್ಕೆಗಳು ಉದುರಿಬಿದ್ದಿದ್ದುವು.