ಅತ್ತೆಯ ಹಿಮ್ಮಡಿ, ಮಗನ ಕನ್ನಡ

ಮೈಸೂರಿನಿಂದ ಆರು ತಿಂಗಳಿಗೆಂದು ಇಂಗ್ಲೆಂಡಿಗೆ ಬಂದ ನಮ್ಮತ್ತೆಗೆ ಎರಡನೇ ತಿಂಗಳಲ್ಲೇ ಹಿಮ್ಮಡಿ ನೋವು ಶುರುವಾಯಿತು. ಒಂಬತ್ತು ವರ್ಷದ ಮಗನನ್ನು ಶಾಲೆಗೆ ಬಿಟ್ಟು ಬರುತ್ತಿದ್ದವರು ಅವರೇ. ದಾರಿಯುದ್ದಕ್ಕೂ ಕನ್ನಡದಲ್ಲೇ ಮಾತು. ಆ ನಡಿಗೆ ನಿಂತರೆ ಅವನ ಕನ್ನಡವೂ ಕುಂಟುತ್ತದೆ ಎಂಬ ಚಿಂತೆ ನನ್ನದು.

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ನಾಲ್ಕು ಹೆಜ್ಜೆಗೆ ಜೀವ ಹೋಗುವಷ್ಟು ನೋವು. ಓಡಾಡಿದ ಮೇಲೆ ಕಡಿಮೆ, ಸಂಜೆಗೆ ಮತ್ತೆ ಹಾಜರ್. ಪಾದದಡಿ, ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ, ಪ್ಲಾಂಟರ್ ಫೇಷಿಯಾ ಎಂಬ ದಪ್ಪ ಪಟ್ಟಿಯೊಂದಿದೆ. ರಾತ್ರಿಯೆಲ್ಲ ವಿಶ್ರಾಂತಿಯಲ್ಲಿ ಬಿಗಿದುಕೊಂಡ ಅದು ಎದ್ದು ನಿಂತೊಡನೆ ಮೈಭಾರಕ್ಕೆ ಎಳೆದುಕೊಳ್ಳುತ್ತದೆ. "ಮೂಳೆ ಬೆಳೆದಿರಬೇಕು, ಆಪರೇಷನ್ನೇ ಗತಿ" ಎಂದು ಊರಿನಿಂದ ಫೋನಿನಲ್ಲಿ ಹೆದರಿಸಿದವರೂ ಇದ್ದರು. ಅಂಥ ಮೂಳೆಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಕಾಣುತ್ತದೆ.

ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದು, ನೋವು ಎಂಥದ್ದು ಅಂತ. "ಬೆಳಿಗ್ಗೆ ಮುಳ್ಳು ಮುರಿದ ಹಾಗೆ, ಸಂಜೆ ಹಿಂಡಿದ ಹಾಗೆ. ಜೋಮು ಇಲ್ಲ" ಅಂದರು ಅತ್ತೆ. ಜೋಮಿಗೆ ಇಂಗ್ಲಿಷಿನಲ್ಲಿ ಏನನ್ನುವುದು ಎಂದು ನಾನು ಯೋಚಿಸುತ್ತಿದ್ದೆ. ರಜೆಯೆಂದು ಜೊತೆಗೆ ಬಂದಿದ್ದ ಮಗ ತಟ್ಟನೆ "ಪಿನ್ಸ್ ಅಂಡ್ ನೀಡಲ್ಸ್, ಅಜ್ಜಿಗೆ ಅದಿಲ್ಲ" ಎಂದ. ಆಕೆ ಬರೆದುಕೊಂಡರು. ಜೋಮು ಇದ್ದಿದ್ದರೆ ನರದ ಕಡೆ ನೋಡಬೇಕಿತ್ತಂತೆ. (ಗಂಭೀರ ಕಾಯಿಲೆಯ ಮಾತುಕತೆಗೆ ಮಕ್ಕಳನ್ನು ದುಭಾಷಿ ಮಾಡುವುದು ನನಗೆ ಸರಿಕಾಣುವುದಿಲ್ಲ. ಇದು ಹಿಮ್ಮಡಿ, ಪಕ್ಕದಲ್ಲಿ ನಾನಿದ್ದೆ.)

ಆಕೆಯ ಕೈ ಮೊದಲು ಹೋದದ್ದು ಹಿಮ್ಮಡಿಗಲ್ಲ, ಮೀನಖಂಡಕ್ಕೆ. ಅದು ಬಿಗಿಯಾಗಿದ್ದರೆ ಕಣಕಾಲು ಸರಿಯಾಗಿ ಬಾಗುವುದಿಲ್ಲ, ಆ ಎಳೆತ ಪಾದದಡಿಯ ಪಟ್ಟಿಗೆ ಬೀಳುತ್ತದೆ. ಹೆಬ್ಬೆರಳಿನಿಂದ ಗಂಟುಗಳನ್ನು ನಿಧಾನವಾಗಿ ಒತ್ತಿ, ಕಣಕಾಲಿನ ಕೀಲನ್ನು ಹಿಡಿದು ಹಿಂದೆ ಮುಂದೆ ಸರಿಸಿ, ಕೊನೆಗೆ ಅಂಗಾಲನ್ನು ನೀವಿದರು. "ನಮ್ಮಮ್ಮ ಹರಳೆಣ್ಣೆ ಹಚ್ಚಿ ಹೀಗೇ ತಿಕ್ಕುತ್ತಿದ್ದಳು" ಎಂದು ಅತ್ತೆ ಕಣ್ಣು ಮುಚ್ಚಿದರು. ಅಮೆರಿಕದ ಫಿಸಿಯೋಥೆರಪಿಸ್ಟರ ಸಂಘದ 2014ರ ಮಾರ್ಗಸೂಚಿಯೂ ಈ ನೋವಿಗೆ ಕೈಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ, ಆದರೆ ಜೊತೆಗೆ ವ್ಯಾಯಾಮವೂ ಬೇಕು. ವಾರಕ್ಕೊಮ್ಮೆ ಒತ್ತಿಸಿಕೊಂಡು ಬಂದು ಸುಮ್ಮನಿದ್ದರೆ ದುಡ್ಡು ದಂಡ.

ವ್ಯಾಯಾಮ ಸುಲಭ. ಹಾಸಿಗೆಯಿಂದ ಇಳಿಯುವ ಮೊದಲೇ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯುವುದು. ಹೀಗೆ ಹತ್ತು ಸಲ. ಎಣಿಸುವ ಕೆಲಸ ಮಗನದು, ಒಂದರಿಂದ ಹತ್ತು. ಬೇಗ ಎಣಿಸಿದರೆ ಅಜ್ಜಿಯಿಂದ "ಮೊದಲಿಂದ ಹೇಳು" ಎಂಬ ಆಜ್ಞೆ.

ನಿಮ್ಮ ಫುಟ್‌ಬಾಲ್ ಆಡುವ ಮಕ್ಕಳಿಗೆ ಹಿಮ್ಮಡಿ ನೋಯುತ್ತಿದ್ದರೆ ಇದನ್ನೇ ಮಾಡಿಸಬೇಡಿ. ಎಂಟರಿಂದ ಹದಿನಾಲ್ಕರ ವಯಸ್ಸಿನಲ್ಲಿ ಅದು ಹೆಚ್ಚಾಗಿ ಬೆಳೆಯುವ ಮೂಳೆಯ ನೋವು, ತೋರಿಸಿಯೇ ಮುಂದುವರಿಯಿರಿ. ದೊಡ್ಡವರಲ್ಲೂ ಊತ, ಜ್ವರ, ಜೋಮು ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರು.

ಎರಡು ತಿಂಗಳಲ್ಲಿ ಬೆಳಗಿನ ಮುಳ್ಳು ಅರ್ಧಕ್ಕಿಂತ ಇಳಿದಿದೆ. ಇಂಥ ನೋವು ಪೂರ್ತಿ ಹೋಗಲು ಕೆಲವೊಮ್ಮೆ ವರ್ಷವೇ ಹಿಡಿಯುತ್ತದಂತೆ.

ನಿಜವಾದ ಜಗಳ ಚಪ್ಪಲಿಯದ್ದು. ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ ಎಂದಿದ್ದರು ಫಿಸಿಯೋ. "ಚಪ್ಪಲಿ ಮೆಟ್ಟಿಕೊಂಡು ಒಲೆ ಮುಂದೆ ನಿಲ್ಲಲೇ?" ಎಂದರು ಅತ್ತೆ. ವಾರದ ವಾದದ ನಂತರ, ಬೀದಿಯನ್ನೇ ಕಾಣದ ಮೆತ್ತನೆಯ ಹೊಸ ಜೋಡಿಯೊಂದು ಅಡುಗೆಮನೆಗೆ ಬಂತು. ದೇವರ ಗೂಡಿನ ಹತ್ತಿರ ಮಾತ್ರ ಅದನ್ನು ಕಳಚಿಡುತ್ತಾರೆ.